ಪೀಕ್ವಾಟರ ಕಾಡಿನಲ್ಲಿ ಗುಲಾಮನ ಜೋಡಿ

ನಾರ್ವಿಚ್ ಊರು ದಾಟಿ ಎರಡನೇ ನಂಬರಿನ ರಸ್ತೆಗೆ ಬಿದ್ದ ಮೇಲೆ ಎರಡೂ ಬದಿಗೆ ಓಕ್, ಮೇಪಲ್ ಮರಗಳೇ. ನಮ್ಮ ಆಗುಂಬೆ ಕಾಡಿನ ಹಾಗೆ ಬಳ್ಳಿ ಹೆಣೆದು ಕತ್ತಲೆಗಟ್ಟಿದ್ದಲ್ಲ. ಮರದ ನಡುವೆ ಬಿಸಿಲು ನೆಲಕ್ಕೆ ಇಳಿಯುವಷ್ಟು ಬಿಡುವಿರುವ ಕಾಡು. ಅಲ್ಲಲ್ಲಿ ಸೊಂಟದೆತ್ತರದ ಕಲ್ಲಿನ ಕಟ್ಟೆ. ಹಿಂದೊಮ್ಮೆ ಇಲ್ಲಿ ಬೇಸಾಯ ಮಾಡಿದವರು ಹೊಲದಲ್ಲಿ ಸಿಕ್ಕ ಕಲ್ಲನ್ನೇ ಗಡಿಗೆ ಪೇರಿಸಿ ಹೋಗಿದ್ದಾರೆ, ಹೊಲ ಹೋಗಿ ಕಾಡು ಬಂದರೂ ಕಟ್ಟೆ ಉಳಿದಿದೆ. ಅದನ್ನೇ ನೋಡುತ್ತಾ ಕೂತಿದ್ದಾಗ ಒಂದು ತಿರುವಿನಲ್ಲಿ ಮರಗಳ ನೆತ್ತಿಯ ಮೇಲೆ ನೀಲಿಹಸಿರು ಮಾಡಿನ ಗೋಪುರದಂಥ ಕಟ್ಟಡಗಳು ಕಾಣಿಸಿಕೊಂಡವು.

‘ಮಾವ, ಅದೇ ಫಾಕ್ಸ್‌ವುಡ್ಸ್’ ಎಂದರು ಅಳಿಯ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೆಡ್‌ಯಾರ್ಡ್ ಎಂಬ ಹಳ್ಳಿಗಾಡಿನಲ್ಲಿ ಇರುವ ಈ ಕ್ಯಾಸಿನೊವನ್ನು ನೋಡಬೇಕೆಂದು ಹಟ ಹಿಡಿದವನು ನಾನೇ. ಹಾರ್ಟ್‌ಫರ್ಡಿನ ಹತ್ತಿರವಿರುವ ಮಗಳ ಮನೆಯಿಂದ ಒಂದು ಗಂಟೆಯ ದಾರಿ. ‘ಅಪ್ಪಾ, ನೀವು ಜುಗಾರಿ ಆಡೂದಾ?’ ಎಂದು ಮಗಳು ಬೆರಗಾದಳು. ಅವಳ ಬೆರಗಿಗೆ ಕಾರಣವಿತ್ತು. ನಮ್ಮ ಕುಂದಾಪುರದ ಕಡೆ ಜುಗಾರಿ ಎಂದರೆ ಜಾತ್ರೆಯ ಮೂಲೆಯ ಗರಗರ ಮಂಡಲ, ಹಾಡಿಯ ಒಳಗೆ ಟಾರ್ಚ್ ಬೆಳಕಲ್ಲಿ ನಡೆಯುವ ಅಂದರ್ ಬಾಹರ್, ಮಾರನೇ ದಿನ ಪತ್ರಿಕೆಯ ಒಳಪುಟದಲ್ಲಿ ಬರುವ ‘ಇಸ್ಪೀಟು ಜುಗಾರಿ: ಬಂಧನ’ ಎಂಬ ನಾಲ್ಕು ಸಾಲು. ನನ್ನ ತಂದೆ ಇಸ್ಪೀಟಿನ ಕಟ್ಟನ್ನು ಮನೆಯ ಹೊಸ್ತಿಲು ದಾಟಿಸಲು ಬಿಟ್ಟವರಲ್ಲ. ನಾನೂ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಬೇರೆಯವರ ದುಡ್ಡು ಎಣಿಸಿದವನು, ಸ್ವಂತ ದುಡ್ಡನ್ನು ಯಾವತ್ತೂ ಪಣಕ್ಕೆ ಇಟ್ಟವನಲ್ಲ. ಆದರೆ ಈ ಕ್ಯಾಸಿನೊ ಒಂದು ಆದಿವಾಸಿ ಜನಾಂಗದ್ದು, ಮಶಾನ್‌ಟಕೆಟ್ ಪೀಕ್ವಾಟರದ್ದು ಎಂದು ಓದಿದ್ದೆ. ಹೆಸರನ್ನೇ ಆಡಬಾರದೆಂದು ಒಂದು ಕಾಲದಲ್ಲಿ ಅಪ್ಪಣೆಯಾಗಿದ್ದ ಜನ ಅವರು. ಅಂಥವರು ಹೀಗೊಂದು ಊರನ್ನೇ ಕಟ್ಟಿದ್ದು ಹೇಗೆಂದು ಕಣ್ಣಾರೆ ನೋಡಬೇಕೆನಿಸಿತ್ತು.

ಕಾರು ನಿಲ್ಲಿಸುವ ಜಾಗದಿಂದ ಆಟದ ಸಭಾಂಗಣಕ್ಕೆ ನಡೆಯುವುದೇ ಒಂದು ವಾಕಿಂಗು. ಅಂಗಡಿ, ಹೋಟೆಲು, ಮತ್ತೆ ಅಂಗಡಿ. ಇಪ್ಪತ್ತೊಂದು ತುಂಬದವರು ಆಟದ ಜಾಗಕ್ಕೆ ಕಾಲಿಡುವಂತಿಲ್ಲ. ನನ್ನ ನರೆತ ತಲೆ ಕಂಡು ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಒಳಗೆ ಒಂದು ಕಡೆ ನೀರಿನ ನಡುವೆ ಮೊಣಕಾಲೂರಿ ಬಿಲ್ಲನ್ನು ಆಕಾಶಕ್ಕೆ ಎತ್ತಿ ಹಿಡಿದ ಬೇಟೆಗಾರನ ದೊಡ್ಡ ವಿಗ್ರಹವಿದೆ, ಬೆಳಕು ಹಾಯುವಂಥದ್ದು. ರೇನ್‌ಮೇಕರ್, ಅಂದರೆ ಮಳೆ ತರುವವನು ಎಂದು ಹೆಸರು. ಜನ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಬೆಳಗಿನ ಹತ್ತೂವರೆ. ಇಷ್ಟು ಹೊತ್ತಿಗೆ ಯಾರಿರುತ್ತಾರೆ ಎಂದುಕೊಂಡಿದ್ದೆ. ಸಾಲುಸಾಲು ಯಂತ್ರಗಳ ಮುಂದೆ ಅರ್ಧಕ್ಕರ್ಧ ಕುರ್ಚಿ ತುಂಬಿತ್ತು, ಕೂತವರಲ್ಲಿ ಬಹುಪಾಲು ನನ್ನ ವಯಸ್ಸಿನವರು ಅಥವಾ ನನಗಿಂತ ಹಿರಿಯರು. ಕೆಲವರ ಪಕ್ಕದಲ್ಲಿ ಊರುಗೋಲು, ಚಕ್ರದ ನಡಿಗೆಗಾಡಿ. ಬಸ್ಸಿನಲ್ಲಿ ಗುಂಪಾಗಿ ಬಂದ ಚೀನೀ ಅಜ್ಜ ಅಜ್ಜಿಯರು ಮೆಲ್ಲಗೆ ಮಾತಾಡುತ್ತಾ ನಡೆಯುತ್ತಿದ್ದರು. ಸಿನಿಮಾದಲ್ಲಿ ನೋಡಿದ ಕೋಟು, ಸೂಟು, ಸಿಗಾರಿನ ಕ್ಯಾಸಿನೊ ಇದಲ್ಲ. ಮನೆಯಲ್ಲಿ ಹೊತ್ತು ಹೋಗದವರು ಹೊತ್ತು ಕಳೆಯಲು ಬಂದು ಕೂರುವ ಜಾಗ. ಹೊರಗಿನ ಬೆಳಕು ಕಾಣುವ ಕಿಟಕಿ ನನಗೆ ಸಿಗಲಿಲ್ಲ. 1992ರ ಫೆಬ್ರವರಿಯಲ್ಲಿ ತೆರೆದ ಮೇಲೆ ಇಲ್ಲಿನ ಬಾಗಿಲು ಹಗಲೂ ರಾತ್ರಿ ತೆರೆದೇ ಇತ್ತು. ಮೊದಲ ಸಲ ಮುಚ್ಚಿದ್ದು 2020ರ ಮಾರ್ಚಿನಲ್ಲಿ, ಕೋವಿಡ್ ಬಂದಾಗ.

ನನಗೆ ಬೇಕಾಗಿದ್ದದ್ದು ವಿಡಿಯೊ ಪೋಕರ್. ಬಣ್ಣಬಣ್ಣದ ಚಿತ್ರ ತಿರುಗುವ ಸ್ಲಾಟ್ ಯಂತ್ರದ ಒಳಗೆ ಲೆಕ್ಕ ಏನಿದೆ ಎಂಬುದು ಆಡುವವನಿಗೆ ಕಾಣುವುದಿಲ್ಲ. ವಿಡಿಯೊ ಪೋಕರಿನಲ್ಲಿ ಇರುವುದು ನಮಗೆ ಗೊತ್ತಿರುವ ಅದೇ 52 ಎಲೆ. ಇಸ್ಪೀಟ್, ಆಟೀನ್, ಡೈಮನ್, ಕ್ಲಾವರ್; ಎಕ್ಕ, ರಾಜ, ರಾಣಿ, ಗುಲಾಮ. ಯಂತ್ರ ಐದು ಎಲೆ ಕೊಡುತ್ತದೆ. ಬೇಕಾದ್ದನ್ನು ಹಿಡಿದುಕೊಂಡು ಬೇಡದ್ದನ್ನು ಒಂದೇ ಒಂದು ಸಲ ಬದಲಿಸಿಕೊಳ್ಳಬಹುದು. ಗುಲಾಮನ ಜೋಡಿಯೋ ಅದಕ್ಕಿಂತ ಮೇಲಿನ ಜೋಡಿಯೋ ಬಂದರೆ ಹಾಕಿದ್ದು ವಾಪಸು, ಅದಕ್ಕಿಂತ ದೊಡ್ಡದು ಬಂದರೆ ಅದಕ್ಕೆ ತಕ್ಕಂತೆ. ಎದುರಿಗೆ ಯಾರೂ ಇಲ್ಲ, ಮುಖ ನೋಡಿ ಸುಳ್ಳು ಹೇಳುವವರಿಲ್ಲ. ಪೋಕರಿನ ಮೇಜಿಗೆ ಕೂರಲು ಅಳುಕುವವರೂ ಇಲ್ಲಿ ಧೈರ್ಯವಾಗಿ ಕೂರುತ್ತಾರೆ. ಎಪ್ಪತ್ತರ ದಶಕದ ಕೊನೆಗೆ ನೆವಾಡಾದಲ್ಲಿ ಸೈ ರೆಡ್ ಎಂಬ ಉದ್ಯಮಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದು ಬೇಗ ಜನಕ್ಕೆ ಹಿಡಿಸಿದ್ದಕ್ಕೆ ಈ ಏಕಾಂತವೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ನಾನು ಮೊದಲ ಅರ್ಧ ಗಂಟೆ ಆಡಲೇ ಇಲ್ಲ. ಯಂತ್ರದಿಂದ ಯಂತ್ರಕ್ಕೆ ನಡೆದು ಪರದೆಯ ಮೇಲ್ಭಾಗದಲ್ಲಿರುವ ಕೋಷ್ಟಕ ಓದಿದೆ. ಯಾವ ಎಲೆಗೆ ಎಷ್ಟು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಒಂಬತ್ತು ಸಾಲಿದ್ದರೂ ನೋಡಬೇಕಾದ್ದು ಎರಡೇ ಅಂಕಿ. ಮೂರು ಒಂದು ಬಗೆ, ಎರಡು ಇನ್ನೊಂದು ಬಗೆ ಬಂದರೆ ಅದು ಫುಲ್ ಹೌಸ್. ಐದೂ ಒಂದೇ ಜಾತಿಯ ಎಲೆಯಾದರೆ ಫ್ಲಶ್. ಇವೆರಡಕ್ಕೆ 9 ಮತ್ತು 6 ಪಟ್ಟು ಕೊಡುವ ಯಂತ್ರದಲ್ಲಿ ಒಂದೂ ತಪ್ಪಿಲ್ಲದೆ ಆಡಿದರೆ, ದೀರ್ಘ ಲೆಕ್ಕದಲ್ಲಿ 100 ಡಾಲರಿಗೆ 99 ಡಾಲರ್ 54 ಸೆಂಟ್ ಹಿಂದಿರುಗುತ್ತದೆ. ಅದೇ 8 ಮತ್ತು 5 ಎಂದಿದ್ದರೆ 97 ಡಾಲರ್ 30 ಸೆಂಟ್. 6 ಮತ್ತು 5 ಎಂದಿದ್ದರೆ 95 ಡಾಲರ್. ಹೊರಗಿನಿಂದ ಮೂರೂ ಒಂದೇ ಯಂತ್ರ. ಅದೇ ಬಣ್ಣ, ಅದೇ ಗುಂಡಿ, ಅದೇ ಸದ್ದು.

ಅಷ್ಟೇ ತಾನೇ, ಎರಡು ಮೂರು ಡಾಲರಿನ ವ್ಯತ್ಯಾಸ ಎನ್ನಬೇಡಿ. ನಿಧಾನವಾಗಿ ಆಡುವವನೂ ಗಂಟೆಗೆ 500 ಆಟ ಆಡಿಬಿಡುತ್ತಾನೆ. ಕಾಲು ಡಾಲರಿನ ಯಂತ್ರದಲ್ಲಿ ಐದು ನಾಣ್ಯದ ಲೆಕ್ಕಕ್ಕೆ ಆಟಕ್ಕೆ ಒಂದೂಕಾಲು ಡಾಲರ್. ಗೆದ್ದದ್ದನ್ನೇ ಮತ್ತೆ ಮತ್ತೆ ಹಾಕುತ್ತಾ ಹೋದರೆ ಗಂಟೆಯಲ್ಲಿ 625 ಡಾಲರ್ ಯಂತ್ರದ ಮೂಲಕ ಹಾದುಹೋಗಿರುತ್ತದೆ. ಮೊದಲ ಯಂತ್ರದಲ್ಲಿ ಅದರ ಸರಾಸರಿ ನಷ್ಟ ಮೂರು ಡಾಲರಿಗೂ ಕಡಿಮೆ, ಎರಡನೆಯದರಲ್ಲಿ 17 ಡಾಲರಿಗೆ ಹತ್ತಿರ, ಮೂರನೆಯದರಲ್ಲಿ 31 ಡಾಲರ್ ಮೇಲೆ. ಅಕ್ಕಪಕ್ಕದಲ್ಲೇ ಕೂತು ಒಬ್ಬರು ಇನ್ನೊಬ್ಬರ ಹತ್ತು ಪಟ್ಟು ಕಳೆದುಕೊಳ್ಳುವುದು ಹೀಗೆ. ಬ್ಯಾಂಕಿನ ಕೌಂಟರಿನಲ್ಲಿ ಇದೇ ಕಥೆಯನ್ನು ಎಷ್ಟು ಸಲ ಕಂಡಿದ್ದೇನೆ! ಬೇರೆ ಎಲ್ಲೋ ಫ್ಲ್ಯಾಟ್ ಬಡ್ಡಿಯ ಸಾಲ ತೆಗೆದುಕೊಂಡು ಸಿಕ್ಕಿಬಿದ್ದವರು ಕಾಗದ ಹಿಡಿದುಕೊಂಡು ನನ್ನ ಬಳಿ ಬರುತ್ತಿದ್ದರು. ಬಡ್ಡಿಯ ರೀತಿ ಕಾಗದದಲ್ಲೇ ಅಚ್ಚಾಗಿರುತ್ತಿತ್ತು. ಸಹಿ ಹಾಕುವ ಮೊದಲು ಅದನ್ನು ಓದಿ ಎಂದು ಅವರಿಗೆ ಯಾರೂ ಹೇಳಿರುತ್ತಿರಲಿಲ್ಲ.

ನನಗೆ ಕಾಲು ಡಾಲರಿಗೆ ಸಿಕ್ಕಿದ್ದು 8–5ರ ಯಂತ್ರ. 40 ಡಾಲರಿನ ಮೇಲೆ ಒಂದು ಸೆಂಟ್ ಇಲ್ಲ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ಎರಡು ಇಪ್ಪತ್ತರ ನೋಟು ತೂರಿಸಿದೆ. ಪಕ್ಕದಲ್ಲಿ ಕೂತ ಹೆಂಗಸಿಗೆ ಎಂಬತ್ತರ ಹತ್ತಿರ ವಯಸ್ಸಿರಬೇಕು, ರೋಡ್ ಐಲೆಂಡಿನವರಂತೆ. ನಾನು ಒಂದೇ ನಾಣ್ಯ ಹಾಕುವುದನ್ನು ನೋಡಿ ಬೆರಳಿನಿಂದ ಕೋಷ್ಟಕದ ಮೇಲಿನ ಸಾಲು ತೋರಿಸಿದರು. ಎಕ್ಕದಿಂದ ಹತ್ತರವರೆಗೆ ಒಂದೇ ಜಾತಿಯ ಐದು ಎಲೆ, ರಾಯಲ್ ಫ್ಲಶ್. ಒಂದರಿಂದ ನಾಲ್ಕು ನಾಣ್ಯದವರೆಗೆ ನಾಣ್ಯಕ್ಕೆ 250ರಂತೆ ಹೋಗುವ ಲೆಕ್ಕ ಐದನೆಯ ನಾಣ್ಯಕ್ಕೆ ಒಮ್ಮೆಲೇ 4000ಕ್ಕೆ ಹಾರುತ್ತದೆ. ಐದು ಹಾಕದೆ ಆಡುವುದಾದರೆ ಆಡಲೇಬೇಡಿ, ಕಡಿಮೆ ಬೆಲೆಯ ಯಂತ್ರಕ್ಕೆ ಹೋಗಿ ಎಂದರು. ನಾನು ಓದಿಕೊಂಡು ಬಂದದ್ದನ್ನು ಅವರು ಆಡಿ ಕಲಿತಿದ್ದರು. ರಾಯಲ್ ಫ್ಲಶ್ ಬರುವುದು ಸುಮಾರು 40,000 ಆಟಕ್ಕೆ ಒಮ್ಮೆ, ನನ್ನ ವೇಗದಲ್ಲಿ 80 ಗಂಟೆಗೆ ಒಮ್ಮೆ. ಅವರಿಗೆ ಈವರೆಗೆ ಏಳು ಸಲ ಬಂದಿದೆಯಂತೆ. ಅಷ್ಟು ಹೊತ್ತು ಅವರು ಆ ಕುರ್ಚಿಯಲ್ಲಿ ಕಳೆದಿದ್ದಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ತಾನಾಗಿ ನಡೆಯಿತು, ಸಂಕಟವೂ ಆಯಿತು. ಗಂಡ ತೀರಿಕೊಂಡ ಮೇಲೆ ವಾರಕ್ಕೆರಡು ದಿನ ಬರುತ್ತಾರಂತೆ.

ಹತ್ತಾರು ಆಟದ ನಂತರ ನನಗೊಂದು ಎಲೆ ಬಂತು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಟೀನ್ ಗುಲಾಮ, ಇಸ್ಪೀಟ್ ಗುಲಾಮ, ಆಟೀನಿನದೇ ನಾಲ್ಕು, ಏಳು, ಒಂಬತ್ತು. ಇಸ್ಪೀಟ್ ಗುಲಾಮನನ್ನು ಬಿಟ್ಟರೆ ನಾಲ್ಕು ಆಟೀನ್. ಇನ್ನೊಂದು ಬಂದರೆ ಫ್ಲಶ್. ಕೈ ಆ ಕಡೆಗೇ ಹೋಗುತ್ತದೆ. ಆದರೆ ಉಳಿದ 47 ಎಲೆಗಳಲ್ಲಿ ಆಟೀನ್ ಇರುವುದು ಒಂಬತ್ತೇ, ಐದರಲ್ಲಿ ಒಂದರಷ್ಟೂ ಇಲ್ಲ. ಗುಲಾಮನ ಜೋಡಿಯಾದರೋ ಹಾಕಿದ ದುಡ್ಡನ್ನು ಆಗಲೇ ಗಂಟು ಕಟ್ಟಿ ಕೊಟ್ಟಾಗಿದೆ, ಮೇಲೆ ಬಂದದ್ದು ಲಾಭ. ಜೋಡಿಯನ್ನೇ ಹಿಡಿದೆ. ಮೂರನೆಯವನಾಗಿ ಡೈಮನ್ ಗುಲಾಮ ಬಂದ. ಪಕ್ಕದ ಅಜ್ಜಿ ನನ್ನ ಭುಜ ತಟ್ಟಿದರು. ಅದೇ ಅವರು ಎರಡು ಚಿಕ್ಕ ಎಲೆಯ ಜೋಡಿಯ ಜೊತೆ ಎಕ್ಕವನ್ನೂ ಉಳಿಸಿಕೊಳ್ಳುವ ರೂಢಿಯವರು. ಎಕ್ಕ ಕಂಡರೆ ಬಿಡಲು ಮನಸ್ಸು ಬರುವುದಿಲ್ಲವಂತೆ. ಅದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಳೆಯುವ ತಪ್ಪು. ಹೇಳಲು ಬಾಯಿ ಬರಲಿಲ್ಲ.

ಒಂದೂಕಾಲು ಗಂಟೆಯ ಕೊನೆಗೆ ಯಂತ್ರ 16 ಡಾಲರ್ 25 ಸೆಂಟಿನ ಚೀಟಿ ಅಚ್ಚುಮಾಡಿ ಕೊಟ್ಟಿತು. 23 ಡಾಲರ್ 75 ಸೆಂಟ್ ಹೋಗಿತ್ತು. ಈಗ ಇಲ್ಲಿ ನಾಣ್ಯದ ಸದ್ದು ಇಲ್ಲ, ಎಲ್ಲ ಚೀಟಿಯಲ್ಲೇ. ಕೈಯಿಂದ ದುಡ್ಡು ಹೋದದ್ದೇ ಗೊತ್ತಾಗದಿರುವುದಕ್ಕೆ ಇದೂ ಒಂದು ಕಾರಣ.

ಊಟಕ್ಕೆ ಇವಳು, ಅಂದರೆ ನನ್ನ ಹೆಂಡತಿ, ನನ್ನನ್ನು ಎಳೆದುಕೊಂಡೇ ಹೋದಳು. ಟೀವಿಯಲ್ಲಿ ಕಂಡ ಗಾರ್ಡನ್ ರಾಮ್ಸೆಯ ಹೆಸರಿನ ಹೋಟೆಲ್ ಇಲ್ಲಿದೆ. ಹಂಬರ್ಗರ್, ಪಿಜ್ಜಾ, ಚೀನೀ ಸೂಪಿನ ಅಂಗಡಿಗಳಿವೆ. ನಾವು ಕಡಲಿನ ಜನ, ಮೀನಿನ ಹೋಟೆಲಿಗೇ ಹೋದೆವು. ನ್ಯೂ ಇಂಗ್ಲೆಂಡಿಗೆ ಬಂದವರು ಕ್ಲಾಮ್ ಚೌಡರ್ ಉಣ್ಣದೆ ಹೋಗಬಾರದು ಎಂದರು ಅಳಿಯ. ಬಂದದ್ದು ಹಾಲು, ಕೆನೆ, ಬಟಾಟೆ, ಈರುಳ್ಳಿಯಲ್ಲಿ ಬೇಯಿಸಿದ ಮರುವಾಯಿ! ಮೊದಲ ಚಮಚಕ್ಕೆ ನಾಲಿಗೆ ತಬ್ಬಿಬ್ಬಾಯಿತು. ಮರುವಾಯಿಗೆ ಹಾಲು ಎಂದರೆ ನಮ್ಮ ಪ್ರಕಾರ ತೆಂಗಿನದು, ಅದರ ಜೊತೆ ಕುಮ್ಟೆ ಮೆಣಸೋ ಬ್ಯಾಡಗಿಯೋ ಇರಲೇಬೇಕು. ಇಲ್ಲಿ ಕಾಳುಮೆಣಸಿನ ಪುಡಿ ಬಿಟ್ಟರೆ ಖಾರವೇ ಇಲ್ಲ. ಆದರೆ ಮೂರನೇ ಚಮಚಕ್ಕೆ ಚಿಪ್ಪಿನ ಒಳಗಿನ ಆ ಕಡಲ ಉಪ್ಪು, ಆ ಸಿಹಿ ಬಾಯಿಗೆ ಹತ್ತಿತು. ‘ಇದಕ್ಕೆ ನಾಲ್ಕು ಪುಂಡಿ ಹಾಕಿದ್ರೆ ಸರಿಯಾತಿತ್ತ್’ ಎಂದಳು ಇವಳು. ಅದು ಸರಿಯಾದ ತೀರ್ಪು. ಸಂಪ್ರದಾಯದ ಚೌಡರಿಗೆ ಹಂದಿಯ ಕೊಬ್ಬು ಬೀಳುತ್ತದೆ, ಬೇಡದವರು ಕೇಳಿಕೊಂಡು ತರಿಸುವುದು ಒಳ್ಳೆಯದು.

ಉಂಡ ಮರುವಾಯಿಗೆ ಇಲ್ಲಿಯವರು ಕ್ವಾಹಾಗ್ ಎನ್ನುತ್ತಾರೆ. ದಪ್ಪ ಚಿಪ್ಪು, ಒಳಬದಿಯ ಅಂಚಿನಲ್ಲಿ ನೇರಳೆ ಬಣ್ಣ. ಆ ನೇರಳೆಯನ್ನು ಕೊರೆದು, ಉಜ್ಜಿ, ತೂತು ತೆಗೆದು ಪೀಕ್ವಾಟರೂ ಅವರ ನೆರೆಹೊರೆಯವರೂ ಮಣಿ ಮಾಡುತ್ತಿದ್ದರು. ಅದರ ಹೆಸರು ವಾಂಪಮ್. ಅವರಿಗದು ಒಪ್ಪಂದದ ಸಾಕ್ಷಿ, ಮದುವೆಯ ಉಡುಗೊರೆ, ಸತ್ತವರ ಗೌರವ. ಹದಿನೇಳನೇ ಶತಮಾನದಲ್ಲಿ ಬಂದ ಡಚ್ಚರೂ ಇಂಗ್ಲಿಷರೂ ಅದನ್ನು ದುಡ್ಡು ಮಾಡಿಕೊಂಡರು. ತುಪ್ಪಳದ ಚರ್ಮದ ವ್ಯಾಪಾರ ನಡೆಯುತ್ತಿದ್ದದ್ದೇ ಅದರಿಂದ. ಆ ವ್ಯಾಪಾರದ ಹಿಡಿತ ಯಾರದ್ದು ಎಂಬ ಜಗಳವೂ ಪೀಕ್ವಾಟರ ಮೇಲೆ ಯುದ್ಧ ಬಂದದ್ದಕ್ಕೆ ಕಾರಣಗಳಲ್ಲಿ ಒಂದು. ಈ ಕ್ಯಾಸಿನೊ ತನ್ನ ಗಿರಾಕಿಗಳಿಗೆ ಕೊಡುತ್ತಿದ್ದ ಕಾರ್ಡಿಗೆ ಬಹುಕಾಲ ಇಟ್ಟಿದ್ದ ಹೆಸರೂ ವಾಂಪಮ್ಮೇ.

ಮಧ್ಯಾಹ್ನ ಮೂರು ಗಂಟೆಗೆ ಪೀಕ್ವಾಟರ ಮ್ಯೂಸಿಯಂ ಹೊಕ್ಕೆವು. ಕ್ಯಾಸಿನೊದ ಹತ್ತಿರವೇ ಕಾಡಿನೊಳಗೆ ಇದೆ, 1998ರಲ್ಲಿ ತೆರೆದದ್ದು, 19 ಕೋಟಿ ಡಾಲರಿಗೂ ಮೇಲೆ ಖರ್ಚಾಗಿದೆಯಂತೆ. ಜೂಜಿನಿಂದ ಬಂದ ದುಡ್ಡು ಇಷ್ಟು ಒಳ್ಳೆಯ ಜಾಗಕ್ಕೆ ಹೋದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಇಳಿಯುತ್ತಿದ್ದ ಹಾಗೆ ಹಿಮನದಿಯ ಬಿರುಕಿನೊಳಗೆ ಇಳಿದ ಅನುಭವ, ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಅಲ್ಲಿಂದ ಹನ್ನೊಂದು ಸಾವಿರ ವರ್ಷದ ಹಿಂದಿನ ಕ್ಯಾರಿಬೂ ಬೇಟೆ. ಆಮೇಲೆ ಅರ್ಧ ಎಕರೆಯಷ್ಟು ಜಾಗದಲ್ಲಿ ಕಟ್ಟಿರುವ ಪೀಕ್ವಾಟರ ಹಳ್ಳಿ. ತೊಗಟೆಯ ಮನೆ, ಒಲೆಯ ಹೊಗೆಯ ವಾಸನೆ, ಜೋಳ ಕುಟ್ಟುವ ಹೆಂಗಸು, ಮೀನು ಒಣಗಿಸುವ ಹುಡುಗ. ಎಲ್ಲ ಆಳೆತ್ತರದ ಪ್ರತಿಮೆಗಳು. ಮುಖಗಳಲ್ಲಿ ಎಷ್ಟು ಜೀವವಿದೆ ಎಂದರೆ ಇವಳು ಒಂದು ಮಗುವಿನ ಮುಂದೆ ಬಹಳ ಹೊತ್ತು ನಿಂತುಬಿಟ್ಟಳು.

ಆ ಹಳ್ಳಿಯಲ್ಲಿ ನಡೆದಾಡಿ ಬಂದ ಮೇಲೆ 1637ರ ಮೇ 26ರ ಕಥೆಯನ್ನು ಚಿತ್ರದಲ್ಲಿ ತೋರಿಸುತ್ತಾರೆ. ಮಿಸ್ಟಿಕ್ ನದಿಯ ಬಳಿ, ಬೆಳಗಿನ ಜಾವ, ಸುತ್ತ ಮರದ ದಿಮ್ಮಿಯ ಬೇಲಿ ಇದ್ದ ಪೀಕ್ವಾಟರ ಹಳ್ಳಿಗೆ ಜಾನ್ ಮೇಸನ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಬೆಂಕಿ ಹಚ್ಚಿಸಿದ. ಹೊರಗೆ ಓಡಿ ಬಂದವರನ್ನು ಕೊಂದರು. ಸುಮಾರು ಒಂದು ಗಂಟೆಯೊಳಗೆ ನಾನೂರರಿಂದ ಏಳುನೂರು ಜನ ಸತ್ತರು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಮಾರನೇ ವರ್ಷದ ಹಾರ್ಟ್‌ಫರ್ಡ್ ಒಪ್ಪಂದದಲ್ಲಿ ಉಳಿದವರನ್ನು ಬೇರೆ ಜನಾಂಗಗಳಿಗೆ ಹಂಚಿದರು. ಕೆಲವರನ್ನು ಹಡಗು ಹತ್ತಿಸಿ ಗುಲಾಮರಾಗಿ ದ್ವೀಪಗಳಿಗೆ ಕಳಿಸಿದರು. ಪೀಕ್ವಾಟ್ ಎಂಬ ಹೆಸರನ್ನು ಯಾರೂ ಇಟ್ಟುಕೊಳ್ಳಕೂಡದು ಎಂದು ಬರೆದರು. ಮಗಳ ಮನೆ ಇರುವುದು ಅದೇ ಹಾರ್ಟ್‌ಫರ್ಡಿನ ಪಕ್ಕದಲ್ಲಿ. ಎರಡು ತಿಂಗಳಿಂದ ದಿನವೂ ಆ ಊರಿನ ಹೆಸರು ಓದಿದ್ದೆ, ಈ ಅರ್ಥ ತಿಳಿದಿರಲಿಲ್ಲ.

ಮುಂದಿನದ್ದು ಜಾಗ ಕರಗಿದ ಕಥೆ. 1666ರಲ್ಲಿ ಸಿಕ್ಕಿದ ಸುಮಾರು 3000 ಎಕರೆ ಮೀಸಲು ಭೂಮಿ ತುಂಡು ತುಂಡಾಗಿ ಹೋಗಿ, 1856ರಲ್ಲಿ ಸರ್ಕಾರವೇ ಹರಾಜು ಹಾಕಿದ ಮೇಲೆ ಉಳಿದದ್ದು ಇನ್ನೂರು ಎಕರೆ ಚಿಲ್ಲರೆ. 1973ರಲ್ಲಿ ಎಲಿಜಬೆತ್ ಜಾರ್ಜ್ ಎಂಬ ಅಜ್ಜಿ ತೀರಿಕೊಂಡಾಗ ಆ ಭೂಮಿಯಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಭೂಮಿ ಬಿಡಬೇಡಿ ಎಂದು ಆಕೆ ಮೊಮ್ಮಕ್ಕಳಿಗೆ ಹೇಳಿ ಹೋಗಿದ್ದರು. ಮೊಮ್ಮಗ ಸ್ಕಿಪ್ ಹೇವರ್ಡ್ ಚದುರಿದ್ದ ನೆಂಟರನ್ನು ಕರೆತಂದರು. ಮೇಪಲ್ ಪಾಕ ಕಾಯಿಸಿದರು, ನೀರಲ್ಲಿ ಲೆಟ್ಯೂಸ್ ಬೆಳೆದರು, ಹಂದಿ ಸಾಕಿದರು. ಯಾವುದೂ ಹೊಟ್ಟೆ ತುಂಬಿಸಲಿಲ್ಲ. ಕೋರ್ಟಿನ ಹೋರಾಟದ ಕೊನೆಗೆ 1983ರಲ್ಲಿ ಅಮೆರಿಕ ಸರ್ಕಾರ ಅವರನ್ನು ಒಂದು ಜನಾಂಗ ಎಂದು ಒಪ್ಪಿಕೊಂಡಿತು. 1986ರಲ್ಲಿ ಬಿಂಗೊ ಆಟದ ಸಭಾಂಗಣ ತೆರೆದರು.

ಇಲ್ಲಿಂದ ಮುಂದೆ ಬ್ಯಾಂಕಿನವನಾದ ನನಗೆ ಬಹಳ ಇಷ್ಟವಾದ ಭಾಗ. ಧರ್ಮಕಾರ್ಯಕ್ಕೆ ದುಡ್ಡು ಎತ್ತಲು ಚರ್ಚು, ಸಂಘಗಳು ಒಂದು ರಾತ್ರಿ ‘ಲಾಸ್ ವೇಗಸ್ ನೈಟ್’ ನಡೆಸಬಹುದೆಂಬ ಕಾನೂನು ಕನೆಕ್ಟಿಕಟ್ಟಿನಲ್ಲಿತ್ತು. ರಾಜ್ಯ ಯಾವ ಆಟವನ್ನು ಯಾರಿಗೋ ಒಬ್ಬರಿಗೆ ಒಪ್ಪಿದೆಯೋ ಅದನ್ನು ಆದಿವಾಸಿ ಭೂಮಿಯಲ್ಲಿ ತಡೆಯುವಂತಿಲ್ಲ ಎಂಬುದು 1988ರ ಕೇಂದ್ರ ಕಾನೂನಿನ ತಿರುಳು. ಆ ಒಂದು ರಾತ್ರಿಯ ಎಳೆ ಹಿಡಿದು ಪೀಕ್ವಾಟರು ಕೋರ್ಟಿನಲ್ಲಿ ಗೆದ್ದರು. ಅಮೆರಿಕದ ಬ್ಯಾಂಕುಗಳು ಸಾಲ ಕೊಡದಿದ್ದಾಗ ದುಡ್ಡು ಹಾಕಿದ್ದು ಮಲೇಷ್ಯಾದ ಗೆಂಟಿಂಗ್ ಬೆಟ್ಟದಲ್ಲಿ ಕ್ಯಾಸಿನೊ ಕಟ್ಟಿದ ಲಿಮ್ ಗೋ ಟಾಂಗ್. ಮೇಜಿನ ಆಟಕ್ಕೆ ಮಾತ್ರ ಅಪ್ಪಣೆಯಿತ್ತು, ಯಂತ್ರಗಳಿಗೆ ಇರಲಿಲ್ಲ. 1993ರಲ್ಲಿ ಗವರ್ನರ್ ಲೋವೆಲ್ ವೈಕರ್ ಜೊತೆ ಒಪ್ಪಂದವಾಯಿತು: ಯಂತ್ರದ ಆದಾಯದಲ್ಲಿ ಕಾಲುಭಾಗ, ವರ್ಷಕ್ಕೆ ಕನಿಷ್ಠ ಹತ್ತು ಕೋಟಿ ಡಾಲರ್ ರಾಜ್ಯಕ್ಕೆ. ನಾನು ಬೆಳಿಗ್ಗೆ ಗುಲಾಮನ ಜೋಡಿ ಹಿಡಿದ ಯಂತ್ರ ಅಲ್ಲಿ ನಿಂತದ್ದು ಆ ಕಾಗದದ ಬಲದಿಂದ. ನಾನು ಬಿಟ್ಟುಬಂದ ದುಡ್ಡಿನಲ್ಲಿ ಕನೆಕ್ಟಿಕಟ್ಟಿನ ಖಜಾನೆಗೂ ಪಾಲುಂಟು.

ಎಲ್ಲ ಏರಿಕೆಯೇ ಆಗಲಿಲ್ಲ. ಹತ್ತು ಮೈಲಿಯ ಆಚೆ, ಹಿಂದೆ ಇಂಗ್ಲಿಷರ ಜೊತೆ ಸೇರಿ ಪೀಕ್ವಾಟರ ವಿರುದ್ಧ ಹೋರಾಡಿದ್ದ ಮೊಹೀಗನರು 1996ರಲ್ಲಿ ತಮ್ಮದೇ ಕ್ಯಾಸಿನೊ ತೆರೆದರು. 2008ರ ಆರ್ಥಿಕ ಕುಸಿತದ ಹೊತ್ತಿಗೆ ಫಾಕ್ಸ್‌ವುಡ್ಸ್ ತಲೆಯ ಮೇಲೆ ಇನ್ನೂರು ಕೋಟಿ ಡಾಲರಿಗೂ ಮೀರಿದ ಸಾಲ. ಅದನ್ನು ಮರುಹೊಂದಿಸಿಕೊಂಡು ಉಸಿರಾಡಲು 2013 ಬರಬೇಕಾಯಿತು.

ಮ್ಯೂಸಿಯಂನ ಗೋಪುರಕ್ಕೆ ಲಿಫ್ಟ್ ಇದೆ. ಮೇಲಿಂದ ನೋಡಿದರೆ ಎಲ್ಲ ದಿಕ್ಕಿಗೂ ಮರಗಳ ತಲೆ, ಒಂದು ಕಡೆ ಕ್ಯಾಸಿನೊದ ನೀಲಿಹಸಿರು ಮಾಡು. ಮಶಾನ್‌ಟಕೆಟ್ ಎಂದರೆ ಮರ ದಟ್ಟವಾಗಿರುವ ನೆಲ ಎಂದಂತೆ. ಆ ಮಟ್ಟಿಗೆ ಹೆಸರು ಇನ್ನೂ ನಿಜವಾಗಿದೆ. ಎಕ್ಕವನ್ನು ಬಿಡಲಾರದ ಅಜ್ಜಿ ಇನ್ನೂ ಆ ಮಾಡಿನ ಕೆಳಗೇ ಇರಬಹುದು ಎಂಬ ಯೋಚನೆ ಬಂತು. ವಾರಕ್ಕೆರಡು ದಿನ ಬರುವ ಅವರು ಈ ಮ್ಯೂಸಿಯಂ ನೋಡಿದ್ದೀರಾ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದರು.

ನಮಗೆ ಅಲ್ಲಿ ಸಿಕ್ಕಿದ್ದು ಒಂದೂವರೆ ಗಂಟೆ. ಯುದ್ಧದ ನಂತರದ ಕೋಣೆಗಳನ್ನು ಓಡುತ್ತಾ ನೋಡಿದೆವು, ವಾಂಪಮ್ ಮಣಿಗಳ ಮುಂದೆ ಇನ್ನೂ ಸ್ವಲ್ಪ ನಿಲ್ಲಬೇಕೆನ್ನುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಯಿತು. ಮಕ್ಕಳ ಮನೆಗೆಂದು ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ಕಡೆ ಹೋಗುವವರು ಒಂದು ದಿನ ಫಾಕ್ಸ್‌ವುಡ್ಸಿಗೆಂದು ಹೊರಟರೆ, ಮ್ಯೂಸಿಯಂ ತೆರೆದಿರುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ವಾರದ ಎಲ್ಲ ದಿನವೂ ಇರುವುದಿಲ್ಲ. ಬೆಳಿಗ್ಗೆ ಅಲ್ಲಿಗೇ ಹೋಗಿ, ಮೂರು ಗಂಟೆ ಇಟ್ಟುಕೊಳ್ಳಿ. ಕ್ಯಾಸಿನೊ ರಾತ್ರಿಯಿಡೀ ತೆರೆದಿರುತ್ತದೆ.